ಕಡಲ ನಾಡಿ ಹಿಡಿಯುವ ತಂತಿ

ಆಷಾಢದ ಮಳೆ ಎಡೆಬಿಡದೆ ಹಿಡಿದುಕೊಂಡಿದ್ದ ಒಂದು ಸಂಜೆ ನಾವು ಯಲ್ಲಾಪುರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದೆವು. ಹೆಂಚಿನ ಅಂಚಿನಿಂದ ಸುರಿದ ನೀರು ಅಂಗಳವನ್ನು ತುಂಬಿ, ತೋಟದ ಕಾಲುವೆಗೆ ಇಳಿದು, ಅಲ್ಲಿಂದ ಹಳ್ಳದ ಕಡೆಗೆ ಕೆಂಪಾಗಿ ಓಡುತ್ತಿದ್ದಿತು. ಅದನ್ನೇ ನೋಡುತ್ತಿದ್ದ ಮನೆಯ ಕಿರಿಯ ಹುಡುಗನು, “ಅಪ್ಪಯ್ಯಾ, ಈ ನೀರೆಲ್ಲ ಎಲ್ಲಿಗೆ ಹೋಗ್ತು?” ಎಂದು ಕೇಳಿದನು. “ಸಮುದ್ರಕ್ಕೆ ಹೋಗ್ತು, ತಮಾ” ಎಂದೆವು. “ಸಮುದ್ರಕ್ಕೆ ಹೋದ ಮೇಲೆ ಎಂತಾ ಆಗ್ತು?” ಎಂಬುದು ಅವನ ಮರುಪ್ರಶ್ನೆ. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಲು ಶಾಲೆಯ ಭೂಗೋಲ ಸಾಕಾಯಿತು. ಎರಡನೆಯದಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಅಂದಿನಿಂದ ಓದಿ, ಕೇಳಿ, ತಿಳಿದುಕೊಂಡುದನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶ.

ಹಳ್ಳದಿಂದ ಕಡಲಿಗೆ

ಘಟ್ಟದ ಮೇಲಿನ ನಮಗೆ ಕಡಲು ದೂರದ್ದೆಂದು ತೋರುವದು ಸಹಜ. ಅರಬೈಲು ಘಟ್ಟವನ್ನಿಳಿದು ಅಂಕೋಲೆಗೆ ಹೋದಾಗ, ಇಲ್ಲವೆ ಗೋಕರ್ಣಕ್ಕೆ ಯಾತ್ರೆ ಹೋದಾಗ ಮಾತ್ರ ನಾವು ಅದನ್ನು ಕಾಣುತ್ತೇವೆ. ಆದರೆ ನಮ್ಮ ನೀರು ನಮಗಿಂತ ಮೊದಲೇ ಅಲ್ಲಿಗೆ ಹೋಗಿ ಸೇರಿರುತ್ತದೆ. ಯಲ್ಲಾಪುರ ಸೀಮೆಯ ಹಳ್ಳಗಳು ಬೇಡ್ತಿಯನ್ನು ಕೂಡುತ್ತವೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಕೆಳಗೆ ಗಂಗಾವಳಿಯೆಂಬ ಹೆಸರು ಪಡೆದು ಸಮುದ್ರವನ್ನು ಸೇರುತ್ತದೆ. ಶಿರಸಿಯಲ್ಲಿ ಹುಟ್ಟಿದ ಅಘನಾಶಿನಿ ಸಿದ್ದಾಪುರದ ಕಾಡಿನಲ್ಲಿ ಉಂಚಳ್ಳಿಯಾಗಿ ಬಿದ್ದು ತದಡಿಯ ಹತ್ತಿರ ಕಡಲ ಪಾಲಾಗುವದು. ಜೋಗದ ಶರಾವತಿ ಹೊನ್ನಾವರದಲ್ಲಿಯೂ, ಕಾಳಿ ಕಾರವಾರದಲ್ಲಿಯೂ ಹೀಗೆಯೇ ಮುಗಿಯುವವು. ಮಳೆಗಾಲದ ನಾಲ್ಕು ತಿಂಗಳು ಈ ನಾಲ್ಕು ನದಿಗಳು ಹೊತ್ತು ಹಾಕುವ ಸಿಹಿನೀರು ಕಡಲಿನಲ್ಲಿ ಕೂಡಲೆ ಬೆರೆತು ಹೋಗುವದೆಂದು ನಾವು ತಿಳಿದಿದ್ದರೆ ಅದು ತಪ್ಪು.

ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದುದರಿಂದ ಮಳೆಯ ನೀರೂ ನದಿಯ ನೀರೂ ಸೇರಿ ದಂಡೆಯ ಉದ್ದಕ್ಕೂ ಕಡಲಿನ ಮೇಲೆ ತೆಳ್ಳಗಿನ ಒಂದು ಪದರಾಗಿ, ಹಾಲಿನ ಮೇಲಿನ ಕೆನೆಯಂತೆ ನಿಲ್ಲುತ್ತವೆ. ಅದೇ ವೇಳೆಗೆ ನೈಋತ್ಯ ಮಾರುತದ ಕಾಲದ ಪ್ರವಾಹವು ನಮ್ಮ ದಂಡೆಗುಂಟ ದಕ್ಷಿಣಕ್ಕೆ ಹರಿಯುತ್ತದೆ. ಹೊರಗಡಲಿನ ಆಳದ ತಣ್ಣೀರು ಮೇಲೇರುತ್ತ ದಂಡೆಯ ಕಡೆಗೆ ಸರಿದು ಬರುತ್ತದೆ. ಈ ಆಳದ ನೀರಿನಲ್ಲಿ ಗೊಬ್ಬರದಂಥ ಪೋಷಕ ದ್ರವ್ಯಗಳು ಹೆಚ್ಚು, ಪ್ರಾಣವಾಯುವು ಕಡಿಮೆ. ಪೋಷಕಗಳ ಬಲದಿಂದ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ನಮ್ಮ ಬಂಗಡೆ ತಾರ್ಲೆ ಮೀನುಗಳ ಸುಗ್ಗಿಯ ಮೂಲವೂ ಇದೇ. ಆದರೆ ಆ ಸಸ್ಯಗಳು ಸತ್ತು ತಳಕ್ಕಿಳಿದು ಕೊಳೆಯುವಾಗ ಇದ್ದ ಪ್ರಾಣವಾಯುವೂ ತೀರಿಹೋಗುತ್ತದೆ. ಮೇಲೆ ನಮ್ಮ ಸಿಹಿನೀರಿನ ಮುಚ್ಚಳವಿರುವದರಿಂದ ಗಾಳಿಯು ಕೆಳಗಿನ ನೀರಿಗೆ ಬೆರೆಯಲಾರದು. ಸಪ್ಟಂಬರ ಅಕ್ಟೋಬರದ ಹೊತ್ತಿಗೆ ಕೆಲವೆಡೆ ತಳದ ನೀರಿನಲ್ಲಿ ಉಸಿರು ಪೂರ್ತಿ ಹೋಗಿ, ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲ ಹುಟ್ಟುವದೂ ಉಂಟು. ಅಂಥ ನೀರಿನಲ್ಲಿ ಓಡಬಲ್ಲ ಮೀನು ಓಡಿಹೋಗುತ್ತದೆ; ಓಡಲಾರದ ಜೀವಿ ಅಲ್ಲಿಯೇ ಕಣ್ಣು ಮುಚ್ಚುತ್ತದೆ.

ಗೋವೆಯ ದೋನಾಪಾವಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯು ೧೯೬೬ರಲ್ಲಿ ಸ್ಥಾಪಿತವಾದುದು. ಅಲ್ಲಿಯ ಡಾ. ನಖ್ವಿಯವರೂ ಅವರ ಸಂಗಡಿಗರೂ ೨೦೦೦ನೆಯ ಇಸವಿಯಲ್ಲಿ ಈ ಸಂಗತಿಯನ್ನು ಜಗತ್ತಿನ ವಿದ್ವಾಂಸರ ಮುಂದಿಟ್ಟರು. ಅದೇ ಸಂಸ್ಥೆಯವರು ಗೋವೆಯ ಕಾಂದೋಳಿಯ ಎದುರಿಗೆ ಸುಮಾರು ೨೫ ಮೀಟರು ಆಳದ ಒಂದು ನೆಲೆಯನ್ನು ಗೊತ್ತುಮಾಡಿಕೊಂಡು, ೧೯೯೭ರಿಂದ ವರ್ಷವರ್ಷವೂ ದೋಣಿಯಲ್ಲಿ ಹೋಗಿ ನೀರು ತಂದು ಪರೀಕ್ಷಿಸುತ್ತ ಬಂದಿದ್ದಾರೆ. ಹುಡುಗನ ಎರಡನೆಯ ಪ್ರಶ್ನೆಗೆ ಉತ್ತರವು ಈ ಪ್ರಕಾರ ನಮ್ಮ ನೆರೆಮನೆಯಲ್ಲಿಯೇ ಇದ್ದಿತು.

ಉತ್ತರ ದೊರೆತುದಾದರೂ ಅದರ ಹಿಂದೆ ಮತ್ತೊಂದು ಪ್ರಶ್ನೆ ಕಾದಿದೆ. ಈ ಉಸಿರುಗಟ್ಟುವಿಕೆಯಲ್ಲಿ ಪ್ರಕೃತಿಯ ಪಾಲೆಷ್ಟು, ಹೊಲ ತೋಟ ಊರುಗಳಿಂದ ನದಿಗೆ ಇಳಿಯುವ ಗೊಬ್ಬರ ಕೊಚ್ಚೆಗಳ ಪಾಲೆಷ್ಟು? ವರ್ಷದಿಂದ ವರ್ಷಕ್ಕೆ ಅದು ಹೆಚ್ಚುತ್ತಿದೆಯೋ, ಬರಿದೆ ಏರಿಳಿಯುತ್ತಿದೆಯೋ? ಅಡಿಕೆ ತೋಟದ ಒಡೆಯರಾದ ನಾವೂ ಈ ವ್ಯಾಜ್ಯದಲ್ಲಿ ಒಂದು ಪಕ್ಷದವರೇ ಎಂಬುದನ್ನು ಮರೆಯಲಾಗದು. ಇಂಥ ವ್ಯಾಜ್ಯವು ಒಂದೆರಡು ವರ್ಷದ ಲೆಕ್ಕದಿಂದ ತೀರುವಂಥದಲ್ಲ; ಎಡೆಬಿಡದ ದೀರ್ಘಕಾಲದ ದಾಖಲೆಯೇ ಅದಕ್ಕೆ ಸಾಕ್ಷಿ.

ಕಾರವಾರದ ಹಳೆಯ ಮಾಪಕ

ದೀರ್ಘ ದಾಖಲೆಯ ಬೆಲೆಯೇನೆಂಬುದನ್ನು ನಮ್ಮ ಜಿಲ್ಲೆಯ ಇತಿಹಾಸವೇ ಕಲಿಸುತ್ತದೆ. ಭಾರತದ ಬಂದರುಗಳಲ್ಲಿ ಉಬ್ಬರವಿಳಿತಗಳನ್ನು ಅಳೆಯುವ ಕಾರ್ಯವನ್ನು ಸರ್ವೇ ಇಲಾಖೆಯವರು ಕೈಕೊಂಡಾಗ, ೧೮೭೮ರಲ್ಲಿ ಮುಂಬಯಿಯ ಅಪೋಲೋ ಬಂದರದಲ್ಲಿ ಒಂದು ಮಾಪಕವನ್ನೂ, ಅದೇ ವರ್ಷ ನಮ್ಮ ಕಾರವಾರದಲ್ಲಿ ಇನ್ನೊಂದನ್ನೂ ನಿಲ್ಲಿಸಿದರು. ಅದರ ರಚನೆ ಬಹು ಸರಳವಾದುದು. ಸಮುದ್ರದೊಡನೆ ಸಣ್ಣ ರಂಧ್ರದ ಮೂಲಕ ಕೂಡಿಕೊಂಡ ಒಂದು ಬಾವಿ. ಆ ಬಾವಿಯಲ್ಲಿ ಒಂದು ತೇಲುಗುಂಡು. ರಂಧ್ರವು ಸಣ್ಣದಾದುದರಿಂದ ಅಲೆಗಳ ಕುಣಿತ ಒಳಗೆ ಬಾರದು. ನೀರಿನ ನಿಧಾನವಾದ ಏರಿಳಿತ ಮಾತ್ರ ಬರುವದು. ತೇಲುಗುಂಡಿಗೆ ಕಟ್ಟಿದ ದಾರವು ಮೇಲೆ ಒಂದು ಲೇಖನಿಯನ್ನು ಆಡಿಸುತ್ತದೆ; ಗಡಿಯಾರದ ಯಂತ್ರದಿಂದ ತಿರುಗುವ ಕಾಗದದ ಮೇಲೆ ಸಮುದ್ರವು ತನ್ನ ದಿನಚರಿಯನ್ನು ತಾನೇ ಬರೆದಿಡುತ್ತದೆ.

ಕಾರವಾರದ ಮಾಪಕವು ಐದು ವರ್ಷ ನಡೆದು ೧೮೮೩ರಲ್ಲಿ ನಿಂತಿತು. ಉಬ್ಬರವಿಳಿತದ ಪಟ್ಟಿ ತಯಾರಿಸುವದಕ್ಕೆ ಅಷ್ಟು ಕಾಲದ ಲೆಕ್ಕ ಸಾಕೆಂಬ ಭಾವನೆ ಆ ಕಾಲದ್ದು. ಮುಂಬಯಿಯಲ್ಲಿ ಮಾತ್ರ ಕೆಲಸವು ಮುಂದುವರಿಯಿತು. ಫಲವೇನಾಯಿತು? ಕಡಲಿನ ಮಟ್ಟವು ಶತಮಾನದಲ್ಲಿ ಎಷ್ಟು ಏರಿತೆಂದು ಇಂದು ಯಾರಾದರೂ ಕೇಳಿದರೆ ಮುಂಬಯಿಯ ದಫ್ತರವು ಉತ್ತರ ಕೊಡುತ್ತದೆ. ಕಾರವಾರದ ಐದು ವರ್ಷದ ಕಾಗದಗಳು ಕೊಡಲಾರವು. ಈಚಿನ ದಶಕಗಳಲ್ಲಿ ಕಾರವಾರದಲ್ಲಿ ಮತ್ತೆ ಮಾಪಕಗಳು ಬಂದಿವೆ. ಆದರೆ ನಡುವೆ ಹೋದ ವರ್ಷಗಳನ್ನು ಯಾವ ಹಣದಿಂದಲೂ ಕೊಂಡು ತರಲಾಗದು. ದಿನಚರಿಯಲ್ಲಿ ಬರೆಯದೆ ಬಿಟ್ಟ ಪುಟವನ್ನು ಮುಂದೆ ನೆನಪಿನಿಂದ ತುಂಬುವದು ಮನುಷ್ಯನಿಗೇ ಕಷ್ಟ, ಸಮುದ್ರಕ್ಕಂತೂ ನೆನಪಿಲ್ಲ.

ಕೊಡದ ನೀರೂ ಅಬ್ಬಿಯ ನೀರೂ

ದೋಣಿಯಲ್ಲಿ ಹೋಗಿ ನೀರು ತರುವದಕ್ಕಿಂತ ಬೇರೆ ಉಪಾಯವಿಲ್ಲವೇ ಎಂದು ವಾಚಕರು ಕೇಳಬಹುದು. ದೋಣಿಯ ಕೆಲಸಕ್ಕೆ ದೊಡ್ಡ ತೊಡಕು ನಮ್ಮ ಮಳೆಗಾಲವೇ. ಜೂನ ಜುಲೈಗಳಲ್ಲಿ ಅರಬ್ಬೀ ಸಮುದ್ರದ ಅಬ್ಬರ ಬಲ್ಲವರಿಗೆ ಹೇಳಬೇಕಾಗಿಲ್ಲ. ಯಂತ್ರದೋಣಿಗಳಿಗೆ ಜೂನ ೧ರಿಂದ ಜುಲೈ ೩೧ರ ವರೆಗೆ ಸರಕಾರದ ನಿಷೇಧವೇ ಇದೆ. ಅದು ಮೀನಿನ ಮರಿಗಳ ರಕ್ಷಣೆಗೂ ಮನುಷ್ಯರ ರಕ್ಷಣೆಗೂ ಆದುದು. ಅಂದರೆ ಯಾವ ಕಾಲದಲ್ಲಿ ಕಡಲಿನೊಳಗೆ ಅತಿ ಮುಖ್ಯವಾದ ಬದಲಾವಣೆಗಳು ನಡೆಯುವವೋ, ಅದೇ ಕಾಲದಲ್ಲಿ ಅದನ್ನು ನೋಡಲು ಹೋಗುವ ದಾರಿ ಅತಿ ಕಠಿಣವಾಗಿರುತ್ತದೆ.

ತೇಲುಬುರುಡೆಗಳನ್ನು ಲಂಗರು ಹಾಕಿ ನಿಲ್ಲಿಸುವದು ಇನ್ನೊಂದು ಉಪಾಯ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಕಳೆದ ಶತಮಾನದ ಕೊನೆಯಿಂದ ಭಾರತದ ಸುತ್ತಲಿನ ಕಡಲುಗಳಲ್ಲಿ ಇಂಥವನ್ನು ನಿಲ್ಲಿಸುತ್ತ ಬಂದಿದ್ದಾರೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರದವರು ಅಲೆಗಳನ್ನಳೆಯುವ ಬುರುಡೆಗಳನ್ನು ಕಾರವಾರದ ಎದುರಿಗೂ ತೇಲಿಬಿಟ್ಟಿದ್ದುಂಟು. ಇವು ಆಕಾಶದ ಉಪಗ್ರಹದ ಮೂಲಕ ಸುದ್ದಿ ಕಳಿಸುತ್ತವೆ. ಬಹಳ ಉಪಕಾರಿಯಾದ ಸಾಧನವಿದು. ಆದರೆ ಇದರ ಶಕ್ತಿ ಬ್ಯಾಟರಿ ಮತ್ತು ಬಿಸಿಲಿನ ಫಲಕಗಳಿಗೆ ಕಟ್ಟುಬಿದ್ದುದು. ಬಿರುಗಾಳಿಗೆ ಲಂಗರು ಹರಿಯುವದುಂಟು. ಬಲೆಗೆ ಸಿಕ್ಕಿ ಹಾಳಾಗುವದೂ ಉಂಟು. ತಳದಲ್ಲಿ ಮುಳುಗಿಸಿಟ್ಟು ತಿಂಗಳುಗಳ ಮೇಲೆ ತೆಗೆಯುವ ಉಪಕರಣಗಳು ಮೂರನೆಯ ಬಗೆ. ಅವು ಏನನ್ನು ಕಂಡುವೆಂಬುದು ತೆಗೆದ ದಿನವೇ ತಿಳಿಯುವದು. ಕಳೆದುಹೋದರೆ ವರ್ಷದ ದುಡಿತವೆಲ್ಲ ನೀರಿನಲ್ಲಿ ಹೋಮ.

ನಮ್ಮ ಸೀಮೆಯ ಮನೆಗಳಲ್ಲಿ ಹಿಂದೆ ನೀರು ತರುವ ಎರಡು ಬಗೆಗಳಿದ್ದವು. ಬಾವಿಯಿಂದ ಕೊಡದಲ್ಲಿ ಹೊತ್ತು ತರುವದೊಂದು. ಗುಡ್ಡದ ಒರತೆಯಿಂದ ಅಡಿಕೆಯ ದಬ್ಬೆಗಳನ್ನು ಜೋಡಿಸಿ ಹಿತ್ತಲಿಗೇ ಅಬ್ಬಿಯ ನೀರನ್ನು ಹರಿಸುವದೊಂದು. ಹೊತ್ತು ತಂದ ಕೊಡದಲ್ಲಿ ಆ ಹೊತ್ತಿನ ನೀರು ಮಾತ್ರ. ಅಬ್ಬಿಯೋ, ಹಗಲಿರುಳು ಸುರಿಯುತ್ತಲೇ ಇರುವದು. ದೋಣಿಯಿಂದ ತಂದ ಸಮಾಚಾರವು ಕೊಡದ ನೀರಿನಂತೆ. ದಂಡೆಯಿಂದ ಕಡಲ ತಳಕ್ಕೆ ತಂತಿ ಎಳೆದು, ಅಲ್ಲಿಯ ಉಪಕರಣಗಳಿಗೆ ವಿದ್ಯುತ್ತನ್ನು ಕೊಟ್ಟು, ಅವುಗಳಿಂದ ಸಮಾಚಾರವನ್ನು ಕ್ಷಣಕ್ಷಣಕ್ಕೂ ಪಡೆಯುವದು ಅಬ್ಬಿಯ ನೀರಿನಂತೆ. ಇದಕ್ಕೇ ತಂತಿ ಜೋಡಿಸಿದ ಸಮುದ್ರ ವೀಕ್ಷಣಾಲಯವೆಂದು ಹೆಸರು.

ತಂತಿಯ ಕಥೆ

ಸಮುದ್ರದಲ್ಲಿ ತಂತಿ ಹಾಸುವದು ಹೊಸ ವಿದ್ಯೆಯಲ್ಲ. ೧೮೭೦ರಲ್ಲಿಯೇ ಮುಂಬಯಿಗೂ ಸುಯೇಜಿಗೂ ನಡುವೆ ತಾರಿನ ತಂತಿ ಕಡಲ ತಳದಲ್ಲಿ ಮಲಗಿದ್ದಿತು. ಸುದ್ದಿ ಸಾಗಿಸುವದಕ್ಕೆಂದು ಹಾಸಿದ ತಂತಿಯನ್ನು ಸಮುದ್ರದ ಸುದ್ದಿಯನ್ನೇ ಕೇಳುವದಕ್ಕೆ ಬಳಸಬಹುದೆಂಬ ಯೋಚನೆ ಬಹಳ ತಡವಾಗಿ ಬಂದಿತು. ೧೯೯೮ರಲ್ಲಿ ಅಮೇರಿಕದ ವಿಜ್ಞಾನಿಗಳು ಹವಾಯಿ ದ್ವೀಪಕ್ಕೂ ಕ್ಯಾಲಿಫೋರ್ನಿಯಕ್ಕೂ ನಡುವೆ ಇದ್ದ, ಉಪಯೋಗ ತಪ್ಪಿದ ಹಳೆಯ ಟೆಲಿಫೋನು ತಂತಿಗೆ ಸುಮಾರು ಐದು ಸಾವಿರ ಮೀಟರು ಆಳದಲ್ಲಿ ಉಪಕರಣಗಳನ್ನು ಜೋಡಿಸಿದರು. ಹಳೆಯ ಸೀರೆಯಿಂದ ಕೌದಿ ಹೊಲಿಯುವ ಗೃಹಿಣಿಯ ಜಾಣ್ಮೆ ವಿಜ್ಞಾನಿಗೂ ಶೋಭಿಸುತ್ತದೆ.

ದಂಡೆಯ ಹತ್ತಿರದ ಕಡಲಿಗೆಂದೇ ಹೊಸದಾಗಿ ತಂತಿ ಹಾಸಿ ಕಟ್ಟಿದ ವೀಕ್ಷಣಾಲಯಗಳಲ್ಲಿ ಮೊದಲಿನವುಗಳ ಸಾಲಿಗೆ ಸೇರಿದುದು ಅಮೇರಿಕದ ನ್ಯೂ ಜರ್ಸಿಯ ಎದುರಿಗೆ ೧೯೯೬ರಲ್ಲಿ ನಿಲ್ಲಿಸಿದ ‘ಲಿಯೋ–೧೫’. ಹದಿನೈದು ಮೀಟರಿನ ಆಳದಲ್ಲಿದ್ದುದರಿಂದ ಅದಕ್ಕೆ ಆ ಅಂಕ. ೨೦೦೬ರಲ್ಲಿ ಕೆನಡಾ ದೇಶದ ವಿಕ್ಟೋರಿಯಾ ವಿಶ್ವವಿದ್ಯಾಲಯದವರು ಸಾನಿಚ್ ಎಂಬ ಕಡಲ ಚಾಚಿನಲ್ಲಿ ‘ವೀನಸ್’ ಎಂಬುದನ್ನೂ, ೨೦೦೯ರಲ್ಲಿ ಹೊರಗಡಲಿನಲ್ಲಿ ಸುಮಾರು ೮೦೦ ಕಿಲೋಮೀಟರು ತಂತಿಯ ಬಳೆಯಾಗಿ ‘ನೆಪ್ಚೂನ್’ ಎಂಬುದನ್ನೂ ನಡೆಸಲಾರಂಭಿಸಿದರು. ಸ್ಪೇನ ದೇಶದವರು ಅದೇ ೨೦೦೯ರಲ್ಲಿ ದಂಡೆಯಿಂದ ನಾಲ್ಕು ಕಿಲೋಮೀಟರಿನಲ್ಲಿ, ಇಪ್ಪತ್ತೇ ಮೀಟರು ಆಳದಲ್ಲಿ ‘ಓಬ್ಸೀ’ ಎಂಬ ಚಿಕ್ಕದೊಂದನ್ನು ಮಾಡಿಕೊಂಡರು. ಇಂಥ ಕೆಲಸವನ್ನು ಚಿಕ್ಕ ಪ್ರಮಾಣದಲ್ಲಿಯೂ ಮಾಡಬಹುದೆಂಬುದಕ್ಕೆ ಆ ಕೊನೆಯದೇ ಸಾಕ್ಷಿ.

ವೀಕ್ಷಣಾಲಯದ ಅಂಗಗಳು

ಇದರಲ್ಲಿ ಮುಖ್ಯವಾದ ಅಂಗಗಳು ನಾಲ್ಕು. ಮೊದಲನೆಯದು ದಂಡೆಯ ಮನೆ. ಇಲ್ಲಿ ವಿದ್ಯುತ್ತನ್ನು ಸಿದ್ಧಪಡಿಸಿ ಸಮುದ್ರಕ್ಕೆ ಕಳಿಸುತ್ತಾರೆ. ಅಲ್ಲಿಂದ ಬಂದ ಸಮಾಚಾರವನ್ನು ಬರಮಾಡಿಕೊಳ್ಳುತ್ತಾರೆ. ಎರಡನೆಯದು ತಂತಿ. ಅದರ ನಡುವಿನಲ್ಲಿ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳು. ಅವುಗಳಲ್ಲಿ ಬೆಳಕಿನ ಮಿಡಿತಗಳಾಗಿ ಸಮಾಚಾರ ಓಡುವದು. ಸುತ್ತಲೂ ವಿದ್ಯುತ್ತಿಗಾಗಿ ತಾಮ್ರ, ಅದರ ಮೇಲೆ ನೀರು ತಾಗದ ಹೊದಿಕೆ, ದಂಡೆಯ ಸಮೀಪದಲ್ಲಿ ಅದಕ್ಕೂ ಮೇಲೆ ಉಕ್ಕಿನ ಕವಚ.

ಮೂರನೆಯದು ತಳದಲ್ಲಿರುವ ಹಂಚಿಕೆಯ ಪೆಟ್ಟಿಗೆ. ಕ್ಯಾಲಿಫೋರ್ನಿಯದ ಮಾಂಟರೇ ಕೊಲ್ಲಿಯಲ್ಲಿ ೨೦೦೮ರಲ್ಲಿ ಕೆಲಸಕ್ಕೆ ತೊಡಗಿದ ‘ಮಾರ್ಸ್’ ವೀಕ್ಷಣಾಲಯದ ಉದಾಹರಣೆಯನ್ನು ನೋಡೋಣ. ಅಲ್ಲಿಯ ತಂತಿ ೫೨ ಕಿಲೋಮೀಟರು ಉದ್ದ. ಪೆಟ್ಟಿಗೆಯಿರುವ ಆಳ ೮೯೧ ಮೀಟರು. ದಂಡೆಯಿಂದ ಹತ್ತು ಸಾವಿರ ವೋಲ್ಟಿನ ವಿದ್ಯುತ್ತು ಹೊರಡುತ್ತದೆ. ಏತಕ್ಕಿಷ್ಟು? ವೋಲ್ಟು ಹೆಚ್ಚಾದಷ್ಟೂ ದಾರಿಯಲ್ಲಿ ನಷ್ಟ ಕಡಿಮೆ. ಜೋಗದ ವಿದ್ಯುತ್ತು ದೂರದ ಊರುಗಳಿಗೆ ಎತ್ತರದ ಕಂಬಗಳ ಮೇಲೆ ಹೋಗುವದೂ ಇದೇ ನ್ಯಾಯದಿಂದ. ಪೆಟ್ಟಿಗೆಯಲ್ಲಿ ಅದು ೩೭೫ ಮತ್ತು ೪೮ ವೋಲ್ಟಿಗೆ ಇಳಿದು ಉಪಕರಣಗಳಿಗೆ ಹಂಚಿಕೆಯಾಗುತ್ತದೆ. ಇನ್ನೊಂದು ಸೋಜಿಗವೆಂದರೆ, ವಿದ್ಯುತ್ತು ಹೋಗುವದಕ್ಕೆ ಒಂದು ತಂತಿ ಮಾತ್ರ ಇದೆ. ತಿರುಗಿ ಬರುವದಕ್ಕೆ ಸಮುದ್ರವೇ ತಂತಿ. ಉಪ್ಪುನೀರು ಒಳ್ಳೆಯ ವಾಹಕವಾದುದರಿಂದ ಇದು ಸಾಧ್ಯ. ನಮ್ಮ ಮನೆಯ ಪ್ರತಿಯೊಂದು ಕೋಣೆಗೂ ಬೇರೆ ಬೇರೆ ಫ್ಯೂಜು ಇರುವಂತೆ ಅಲ್ಲಿ ಪ್ರತಿಯೊಂದು ಉಪಕರಣಕ್ಕೂ ಬೇರೆ ತಡೆಗುಂಡಿ ಇರುವದು. ಒಂದರಲ್ಲಿ ನೀರು ಹೊಕ್ಕರೆ ಅದನ್ನು ಮಾತ್ರ ದಂಡೆಯಿಂದಲೇ ಕಡಿದು ಹಾಕಿ ಉಳಿದವುಗಳನ್ನು ಕಾಪಾಡಬೇಕು.

ನಾಲ್ಕನೆಯವು ಉಪಕರಣಗಳು. ನೀರಿನ ಉಷ್ಣತೆ, ಉಪ್ಪು, ಒತ್ತಡ, ಪ್ರಾಣವಾಯು, ಕದಡು ಇವುಗಳನ್ನು ಅಳೆಯುವವು ಕೆಲವು. ಶಬ್ದವನ್ನು ಮೇಲಕ್ಕೆ ಕಳಿಸಿ, ನೀರಿನಲ್ಲಿ ತೇಲುವ ಕಣಗಳಿಂದ ಮರಳಿದ ದನಿಯ ಭೇದದಿಂದ ಪ್ರತಿಯೊಂದು ಆಳದ ಪ್ರವಾಹದ ವೇಗವನ್ನು ಹೇಳುವದೊಂದು; ನಮ್ಮ ಕಡೆಗೆ ಬರುವ ರೈಲಿನ ಶಿಳ್ಳು ತೀಕ್ಷ್ಣವಾಗಿಯೂ ದೂರ ಸರಿಯುವಾಗ ಮಂದವಾಗಿಯೂ ಕೇಳುವ ತತ್ವವೇ ಅದರದೂ. ತಿಮಿಂಗಿಲದ ಹಾಡನ್ನೂ ಹಡಗಿನ ಸದ್ದನ್ನೂ ಕೇಳುವ ಕಿವಿ ಮತ್ತೊಂದು. ಭೂಕಂಪವನ್ನು ಅರಿಯುವದು ಇನ್ನೊಂದು.

ಸ್ಥಳವನ್ನಾರಿಸುವ ಬಗೆ

ತಂತಿಯನ್ನು ಮನಬಂದಲ್ಲಿ ಎಳೆಯಲಾಗದು. ಬಂಡೆಗಳಿದ್ದಲ್ಲಿ ಅದು ಉಜ್ಜಿ ಸವೆಯುವದು. ನದಿಯ ಬಾಯಿಯಲ್ಲಿ ಮರಳು ಪ್ರತಿವರ್ಷ ಸರಿದಾಡುವದು. ಹಡಗುಗಳು ಲಂಗರು ಹಾಕುವಲ್ಲಿ ಹರಿದುಹೋಗುವದು. ಎಲ್ಲಕ್ಕಿಂತ ಅಪಾಯದ ಜಾಗ ಅಲೆಗಳು ಒಡೆಯುವ ದಂಡೆ. ಆದುದರಿಂದ ಅಲ್ಲಿ ನೆಲದಡಿಯಲ್ಲಿ ಓರೆಯಾಗಿ ಕೊರೆದು, ಅಲೆಗಳ ಆಚೆಗೆ ತಂತಿಯನ್ನು ಹೊರಗೆ ತೆಗೆಯುವದು ಉತ್ತಮವಾದ ಪದ್ಧತಿ. ಮುಂದೆ ಮೆತ್ತನ್ನ ತಳದಲ್ಲಿ ನೇಗಿಲಿನಂಥ ಯಂತ್ರದಿಂದ ಸಾಲು ಹೊಡೆದು ಹೂಳುತ್ತಾರೆ. ಬಲೆ ಎಳೆಯುವ ದೋಣಿಗಳಿರುವಲ್ಲಿ ಪೆಟ್ಟಿಗೆಯ ಸುತ್ತ ಇಳಿಜಾರಾದ ಕವಚವನ್ನು ಕಟ್ಟುವರು. ಬಲೆ ಅದಕ್ಕೆ ಸಿಕ್ಕಿಕೊಳ್ಳದೆ ಜಾರಿಹೋಗಬೇಕು. ನೆಪ್ಚೂನಿನ ಪೆಟ್ಟಿಗೆಗಳು ಈ ಬಗೆಯವು.

ಆದರೆ ಕವಚಕ್ಕಿಂತಲೂ ಗಟ್ಟಿಯಾದುದು ಮೀನುಗಾರರ ಒಪ್ಪಿಗೆ. ತಾವು ತಲತಲಾಂತರದಿಂದ ಬಲೆ ಬೀಸಿದ ಕಡಲಿನಲ್ಲಿ, ಹೇಳದೆ ಕೇಳದೆ ಯಾರೋ ಒಂದು ಪೆಟ್ಟಿಗೆಯನ್ನಿಟ್ಟು ‘ಇಲ್ಲಿ ಬರಬೇಡಿ’ ಎಂದರೆ ಯಾರು ತಾನೆ ಸೈರಿಸುವರು? ಕಳೆದ ಭಾದ್ರಪದದಲ್ಲಿ ಗಂಗಾವಳಿಯ ಕಡೆಗೆ ಹೋಗಿದ್ದಾಗ ದಂಡೆಯಲ್ಲಿ ಬಲೆಯನ್ನು ತುಣ್ಣುತ್ತಿದ್ದ ಮುದುಕರೊಬ್ಬರನ್ನು ನಾವು, “ಅಜ್ಜಾ, ಮಳೆಗಾಲ ಮುಗಿಯುವ ಹೊತ್ತಿಗೆ ತಳದ ನೀರು ಕೆಡುವದುಂಟೇ?” ಎಂದು ಕೇಳಿದೆವು. “ಉಂಟು ಸ್ವಾಮಿ. ಒಂದೊಂದು ವರ್ಷ ಮೀನು ದಡಕ್ಕೇ ಬಂದು ಬೀಳ್ತದೆ, ಒಂದೊಂದು ವರ್ಷ ಎಷ್ಟು ಹೋದ್ರೂ ಸಿಗುದಿಲ್ಲ. ಯಾವ ವರ್ಷ ಹೇಗೆ ಅಂತ ಮೊದ್ಲೇ ಹೇಳುವವ್ರು ಯಾರಿದ್ದಾರೆ?” ಎಂದರು. ಆ ಮಾತಿನಲ್ಲಿ ಒಂದು ವೀಕ್ಷಣಾಲಯದ ಸಂಪೂರ್ಣ ಉದ್ದೇಶವೇ ಅಡಗಿದೆ. ಅವರ ಪ್ರಶ್ನೆಗೆ ಉತ್ತರ ಕೊಡುವದಕ್ಕೆಂದೇ ಪೆಟ್ಟಿಗೆಯನ್ನಿಡುವದೆಂದು ತಿಳಿಸಿ, ಬಂದ ಸಮಾಚಾರವನ್ನು ಮೊದಲು ಅವರ ಕಿವಿಗೆ ಮುಟ್ಟಿಸಿದರೆ, ಅವರೇ ಅದರ ಕಾವಲುಗಾರರಾಗುವರು.

ನಡೆಸುವ ಕಷ್ಟ

ಕಟ್ಟುವದಕ್ಕಿಂತ ನಡೆಸುವದು ಕಷ್ಟ. ಈ ಮಾತು ಸಂಸಾರಕ್ಕೂ ಒಪ್ಪುವದು, ವೀಕ್ಷಣಾಲಯಕ್ಕೂ ಒಪ್ಪುವದು. ಮೊದಲನೆಯ ಶತ್ರು ಉಪ್ಪುನೀರು. ಕಬ್ಬಿಣವನ್ನು ತಿನ್ನುವದಂತೂ ಸರಿಯೇ. ಎರಡು ಬಗೆಯ ಲೋಹಗಳು ಒಂದಕ್ಕೊಂದು ತಾಗಿದ್ದರೆ ಅವುಗಳಲ್ಲಿ ದುರ್ಬಲವಾದುದನ್ನು ಇನ್ನೂ ಬೇಗ ತಿನ್ನುತ್ತದೆ. ಅದಕ್ಕಾಗಿ ಟೈಟೇನಿಯಮ್ ಎಂಬ ಲೋಹವನ್ನು ಬಳಸುತ್ತಾರೆ. ಕಬ್ಬಿಣವಿದ್ದಲ್ಲಿ ಸತುವಿನ ಗಟ್ಟಿಗಳನ್ನು ಕಟ್ಟಿ, ಉಪ್ಪಿನ ಹಸಿವೆಗೆ ಅವನ್ನೇ ಬಲಿ ಕೊಡುತ್ತಾರೆ. ಎರಡನೆಯ ಶತ್ರು ಜೋಡಣೆಗಳ ಸಂದು. ಮಾರ್ಸ್ ವೀಕ್ಷಣಾಲಯವೇ ೨೦೦೮ರ ಆರಂಭದಲ್ಲಿ ನೀರಿಗಿಳಿದ ಸ್ವಲ್ಪ ಕಾಲದಲ್ಲಿಯೇ ಒಂದು ಜೋಡಣೆಯಲ್ಲಿ ನೀರು ಸೋರಿ ಕೆಟ್ಟಿತು. ಪೆಟ್ಟಿಗೆಯನ್ನು ಮೇಲೆತ್ತಿ ದುರಸ್ತು ಮಾಡಿ, ಅದೇ ವರ್ಷದ ನವಂಬರದಲ್ಲಿ ಮತ್ತೆ ಕೆಲಸಕ್ಕೆ ಹಚ್ಚಿದರು. ಮೇಲೆತ್ತಬಹುದಾದಂತೆ ಮೊದಲೇ ಅದನ್ನು ರಚಿಸಿದ್ದುದರಿಂದ ಬದುಕಿತು. ‘ಇದು ಕೆಡುವದು’ ಎಂದು ತಿಳಿದೇ ಕಟ್ಟುವದು ಈ ವಿದ್ಯೆಯ ಮೊದಲನೆಯ ಪಾಠ.

ಮೂರನೆಯ ಶತ್ರುವು ಜೀವವುಳ್ಳದ್ದು. ದೋಣಿಯ ತಳಕ್ಕೂ ಬಂಡೆಗೂ ಕಚ್ಚಿಕೊಳ್ಳುವ ಚಿಪ್ಪಿನ ಜೀವಿಗಳು, ಪಾಚಿ, ಲೋಳೆ ಇವು ನಮ್ಮಂಥ ಬೆಚ್ಚಗಿನ ಕಡಲಿನಲ್ಲಿ ಕೆಲವೇ ವಾರಗಳಲ್ಲಿ ಉಪಕರಣದ ಕಣ್ಣು ಕಿವಿಗಳನ್ನು ಮುಚ್ಚಿಬಿಡುವವು. ಅದಕ್ಕೆ ಮದ್ದೇನು? ತಾಮ್ರ! ಕೊಳೆರೋಗ ಬಾರದಂತೆ ಕೊನೆಗೌಡನನ್ನು ಮರ ಹತ್ತಿಸಿ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಅಡಿಕೆಯ ಕೊನೆಗೆ ಹೊಡೆಸುವ ನಮಗೆ ತಾಮ್ರದ ಗುಣವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸಮುದ್ರದ ಉಪಕರಣದ ಬಾಯಿಗೂ ತಾಮ್ರದ ತಗಡನ್ನು ಕಟ್ಟುವರು. ಗಾಜನ್ನು ಆಗಾಗ ಒರಸುವ ಪುಟ್ಟ ಕುಂಚವನ್ನು ಇಡುವರು. ಇಷ್ಟಾದರೂ ಕಾಲಕಾಲಕ್ಕೆ ಮುಳುಗುಗರು ಇಳಿದು ತೊಳೆಯಲೇಬೇಕು. ಮುಳುಗುಗರು ಹೋಗಲಾರದ ಆಳಕ್ಕೆ ಹಡಗಿನಿಂದ ನಡೆಸುವ ಯಂತ್ರವನ್ನು ಇಳಿಸಬೇಕು.

ನಾಲ್ಕನೆಯ ಶತ್ರುವು ಕಣ್ಣಿಗೆ ಕಾಣದು. ಅದೇ ಅಳತೆಯ ಜಾರುವಿಕೆ. ಹಳೆಯ ತಕ್ಕಡಿಯು ನಿಧಾನವಾಗಿ ಸುಳ್ಳು ಹೇಳಲು ಕಲಿಯುವಂತೆ ಉಪಕರಣವೂ ತಿಂಗಳು ಕಳೆದಂತೆ ತುಸು ತುಸು ತಪ್ಪುತ್ತದೆ. ಅದನ್ನು ಹಿಡಿಯುವದು ಹೇಗೆ? ಕಡಲು ಶಾಂತವಿದ್ದಾಗ ದೋಣಿಯಲ್ಲಿ ಹೋಗಿ ಅದರ ಪಕ್ಕದ ನೀರನ್ನೇ ತುಂಬಿತಂದು, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ತಾಳೆ ನೋಡುವದರಿಂದ. ಅಬ್ಬಿ ಬಂದಿತೆಂದು ಕೊಡವನ್ನು ಬಿಸಾಡಲಾಗದೆಂಬುದು ಇದರ ತಾತ್ಪರ್ಯ. ಯಾವ ದಿನ ತೊಳೆದರು, ಯಾವ ದಿನ ಬದಲಿಸಿದರು, ತಾಳೆ ನೋಡಿದಾಗ ಎಷ್ಟು ಅಂತರ ಬಂದಿತು—ಇದೆಲ್ಲವನ್ನೂ ಲೆಕ್ಕದ ಪುಸ್ತಕದಂತೆ ಬರೆದಿಡಬೇಕು. ಈ ಟಿಪ್ಪಣಿಯಿಲ್ಲದ ಅಂಕಿಗಳ ರಾಶಿಯು ತಾರೀಖಿಲ್ಲದ ಕಾಗದಪತ್ರದಂತೆ ನಿರುಪಯೋಗಿ.

ಫಲವೇನು?

ಇಷ್ಟು ಕಷ್ಟಪಟ್ಟವರಿಗೆ ದೊರೆತ ಫಲವನ್ನು ನೋಡೋಣ. ಕೆನಡಾದ ಸಾನಿಚ್ ಚಾಚಿನ ಬಾಯಿಯಲ್ಲಿ ನೀರಿನೊಳಗೇ ಒಂದು ಹೊಸ್ತಿಲಿದ್ದು, ಒಳಗಿನ ಆಳದ ನೀರು ವರ್ಷದ ಬಹುಭಾಗ ಉಸಿರಿಲ್ಲದೆ ಇರುತ್ತದೆ. ಹೊರಗಿನ ನೀರು ಹೊಸ್ತಿಲು ದಾಟಿ ಒಳನುಗ್ಗಿ ಯಾವಾಗ ಅದಕ್ಕೆ ಉಸಿರು ಕೊಡುವದು, ಪ್ರಾಣಿಗಳು ಯಾವಾಗ ಹಿಂದೆ ಸರಿದು ಯಾವಾಗ ಮರಳುವವು ಎಂಬುದನ್ನು ತಂತಿಯ ಮೂಲಕ ವರ್ಷಗಟ್ಟಲೆ ನೋಡುತ್ತ ಬಂದಿದ್ದಾರೆ. ನಮ್ಮ ಕರಾವಳಿಯ ಸಪ್ಟಂಬರದ ಕಥೆಗೂ ಅದಕ್ಕೂ ಎಷ್ಟು ಹೋಲಿಕೆ! ೨೦೧೫ರ ಏಪ್ರಿಲದಲ್ಲಿ ಅಮೇರಿಕದ ಓರೆಗಾನಿನ ಎದುರಿಗೆ ಕಡಲೊಳಗಿನ ಅಕ್ಷಿಯಲ್ ಎಂಬ ಜ್ವಾಲಾಮುಖಿ ಸಿಡಿದಾಗ, ತಂತಿಗೆ ಜೋಡಿಸಿದ ಉಪಕರಣಗಳು ಒಂದೇ ದಿನದಲ್ಲಿ ಸಾವಿರಾರು ಕಂಪನಗಳನ್ನು ದಾಖಲಿಸಿದವು. ವಿಜ್ಞಾನಿಗಳು ಅದನ್ನು ತಮ್ಮ ಮೇಜಿನ ಮುಂದೆ ಕುಳಿತೇ ನೋಡಿದರು. ೨೦೧೧ರ ಮಾರ್ಚದಲ್ಲಿ ಭೀಕರವಾದ ಸುನಾಮಿಗೆ ತುತ್ತಾದ ಜಪಾನ ದೇಶವು ಆ ಮೇಲೆ ತನ್ನ ಪೂರ್ವದ ಕಡಲಿನಲ್ಲಿ ಸುಮಾರು ಐದೂವರೆ ಸಾವಿರ ಕಿಲೋಮೀಟರು ತಂತಿಯನ್ನು ಹಾಸಿ ೧೫೦ ಕಾವಲು ನೆಲೆಗಳನ್ನು ಇಟ್ಟುಕೊಂಡಿದೆ. ೨೦೦೪ರ ಡಿಸೆಂಬರ ೨೬ನ್ನು ಕಂಡ ನಮ್ಮ ದೇಶವೂ ೨೦೦೭ರಲ್ಲಿ ಹೈದರಾಬಾದಿನಲ್ಲಿ ಸುನಾಮಿಯ ಎಚ್ಚರಿಕೆಯ ಕೇಂದ್ರವನ್ನು ತೆರೆಯಿತು.

ಇದರ ಮಿತಿಯನ್ನೂ ಹೇಳದೆ ಹೋದರೆ ಅನ್ಯಾಯವಾದೀತು. ತಂತಿಯ ವೀಕ್ಷಣಾಲಯವು ಒಂದು ಜಾಗವನ್ನು ಬಹಳ ಚೆನ್ನಾಗಿ ನೋಡುತ್ತದೆ. ಹತ್ತು ಹರದಾರಿಯ ಆಚೆ ಏನಾಯಿತೆಂದು ಅದಕ್ಕೆ ತಿಳಿಯದು. ಉಪಗ್ರಹವು ಇಡೀ ಅರಬ್ಬೀ ಸಮುದ್ರವನ್ನು ನೋಡುತ್ತದೆ; ಆದರೆ ಮೇಲ್ಮೈಯನ್ನು ಮಾತ್ರ, ಅದೂ ಮಳೆಗಾಲದ ಮೋಡಗಳು ಬಹಳಷ್ಟನ್ನು ಮರೆಮಾಡುತ್ತವೆ. ತೇಲುಬುರುಡೆ, ದೋಣಿ, ಉಪಗ್ರಹ, ತಂತಿ—ಇವು ಒಂದನ್ನೊಂದು ತಳ್ಳುವ ದಾಯಾದಿಗಳಲ್ಲ. ಒಂದೇ ಮನೆ ನಡೆಸುವ ಅಣ್ಣತಮ್ಮಂದಿರು.

ನಮ್ಮ ಪಾಲಿನ ಕೆಲಸ

ಗಂಗಾವಳಿಯ ಇಲ್ಲವೆ ಅಘನಾಶಿನಿಯ ಬಾಯಿಯ ಆಚೆಗೆ, ಸಾಧಾರಣ ಆಳದಲ್ಲಿ, ಸ್ಪೇನಿನವರದರಂಥ ಚಿಕ್ಕದೊಂದು ವೀಕ್ಷಣಾಲಯವಿದ್ದರೆ ಅದು ಏನನ್ನು ಹೇಳಬಲ್ಲದು? ಜೂನಿನಿಂದ ನವಂಬರದ ವರೆಗೆ ಒಂದು ಗಂಟೆಯನ್ನೂ ಬಿಡದೆ, ಸಿಹಿನೀರಿನ ಮುಚ್ಚಳ ಯಾವ ದಿನ ಬಿದ್ದಿತು, ತಳದ ಉಸಿರು ಯಾವ ದಿನ ಕಟ್ಟಿತು, ಯಾವ ದಿನ ಮರಳಿತು ಎಂಬುದನ್ನು ಹೇಳುವದು. ೨೦೨೧ರ ಜುಲೈಯಲ್ಲಿ ನಮ್ಮ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದುದನ್ನೂ, ಗಂಗಾವಳಿ ದಂಡೆ ಮೀರಿ ಹರಿದುದನ್ನೂ ನಾವಾರೂ ಮರೆತಿಲ್ಲ. ೨೦೨೪ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಅದೇ ನದಿಯ ದಂಡೆಯ ಗುಡ್ಡವು ಜೀವಗಳನ್ನು ಬಲಿ ತೆಗೆದುಕೊಂಡುದನ್ನೂ ಮರೆತಿಲ್ಲ. ಆ ಮಣ್ಣೆಲ್ಲ ಎಲ್ಲಿಗೆ ಹೋಯಿತು, ಕಡಲ ತಳದ ಮೇಲೆ ಎಷ್ಟು ಕುಳಿತಿತು, ಅಲ್ಲಿಯ ಸಿಗಡಿ ಚಿಪ್ಪುಗಳ ಗತಿಯೇನಾಯಿತು? ಘಟ್ಟದ ಮೇಲಿನ ವಿಪತ್ತಿನ ಎರಡನೆಯ ಅಧ್ಯಾಯವು ಕಡಲಿನಲ್ಲಿ ಬರೆಯಲ್ಪಡುತ್ತದೆ. ಓದುವ ಕಣ್ಣು ಅಲ್ಲಿರಬೇಕು.

ಹಣ ಯಾರು ಕೊಡಬೇಕೆಂಬುದು ಸರಕಾರ ಮತ್ತು ವಿದ್ಯಾಲಯಗಳ ವಿಚಾರ. ಆದರೆ ಪ್ರಾರಂಭದ ಹಣಕ್ಕಿಂತಲೂ ಇಪ್ಪತ್ತನೆಯ ವರ್ಷದ ಹಣವೇ ಮುಖ್ಯವೆಂಬುದನ್ನು ಕಾರವಾರದ ಹಳೆಯ ಮಾಪಕವು ಕೂಗಿ ಹೇಳುತ್ತಿದೆ. ಉದ್ಘಾಟನೆಯ ದಿನ ಹಾರ ತುರಾಯಿ ಬಹಳ. ಐದು ವರ್ಷದ ತರುವಾಯ ಚಿಪ್ಪು ಕೆರೆಯುವವನ ಸಂಬಳಕ್ಕೆ ಯಾರೂ ಇಲ್ಲ ಎಂಬಂತಾಗಬಾರದು.

ಗೃಹಸ್ಥರಾದ ನಮ್ಮ ಕೈಯಲ್ಲಿ ಏನಿದೆ? ನಮ್ಮ ಸೀಮೆಯಲ್ಲಿ ಮಳೆಮಾಪಕವನ್ನಿಟ್ಟುಕೊಂಡು ದಿನದಿನದ ಮಳೆಯನ್ನು ಪಂಚಾಂಗದ ಅಂಚಿನಲ್ಲಿಯೋ ಡಾಯರಿಯಲ್ಲಿಯೋ ಬರೆದಿಡುವ ತೋಟಿಗರು ಅನೇಕರಿದ್ದಾರೆ. ಅಜ್ಜ ಬರೆದುದನ್ನು ಮೊಮ್ಮಗನು ಮುಂದುವರಿಸಿದ ಮನೆಗಳೂ ಉಂಟು. ಅದು ಬರಿಯ ಹವ್ಯಾಸವಲ್ಲ. ನದಿಯ ಆ ತುದಿಯಲ್ಲಿ ಕಡಲಿನ ದಿನಚರಿ ಬರೆಯುವವನಿಗೆ ಈ ತುದಿಯ ದಿನಚರಿಯೂ ಬೇಕು. ಎಷ್ಟು ಗೊಬ್ಬರ ಹಾಕಿದೆವು, ಹಾಕಿದ ಮಾರನೆಯ ದಿನ ಎಷ್ಟು ಮಳೆ ಬಿದ್ದಿತು ಎಂಬುದನ್ನೂ ಅದೇ ಪುಟದಲ್ಲಿ ಬರೆದರೆ ಹೊಳೆಗೆ ಹೋದುದರ ಅಂದಾಜು ನಮಗೇ ಸಿಕ್ಕೀತು. ಜಡಿಮಳೆಯ ಮುನ್ನಾದಿನ ಗೊಬ್ಬರ ಹಾಕುವ ಅವಸರವೂ ತಗ್ಗೀತು.

ನಮ್ಮ ಹುಡುಗನಿಗೂ ಒಂದು ಮಳೆಮಾಪಕವನ್ನು ತಂದುಕೊಟ್ಟಿದ್ದೇವೆ. ಬೆಳಿಗ್ಗೆ ಎದ್ದ ಕೂಡಲೆ ಕೊಡೆ ಹಿಡಿದು ಅಂಗಳಕ್ಕೆ ಓಡಿ, ಅಳತೆ ನೋಡಿ ಬಂದು ಪುಸ್ತಕದಲ್ಲಿ ಬರೆಯುತ್ತಾನೆ. ಒಂದು ದಿನ ಜ್ವರ ಬಂದು ಮಲಗಿದ್ದಾಗ, “ಇವತ್ತಿಂದು ಬರದ್ಯಾ ಅಪ್ಪಯ್ಯಾ?” ಎಂದು ಹಾಸಿಗೆಯಿಂದಲೇ ಕೇಳಿದನು. ಅವನಿಗೆ ಬದಲಾಗಿ ಆ ದಿನದ ಸಾಲನ್ನು ನಾವು ಬರೆದೆವು. ಒಬ್ಬನು ಮಲಗಿದಾಗ ಇನ್ನೊಬ್ಬನು ಬರೆಯುವದು. ಪುಟವನ್ನು ಖಾಲಿ ಬಿಡದಿರುವದು. ಕಡಲ ನಾಡಿ ಹಿಡಿಯುವವರ ವ್ರತವೂ ಇಷ್ಟೇ.